ದಾವಣಗೆರೆಯ ನೆಟ್‌ನಲ್ಲಿ ಗಿಟ್: ಎಚ್‌ಟಿಟಿಪಿಎಸ್, ಎಸ್‌ಎಸ್‌ಎಚ್, ಇಲ್ಲಾ 443?

ಬ್ರೌಸರ್‌ನಲ್ಲಿ ಎಲ್ಲಾ ತೆರೆಯುತ್ತದೆ, ವಿಡಿಯೋನೂ ಓಡುತ್ತದೆ, ಬರೆದ ಕೋಡನ್ನು ಸರ್ವರ್‌ಗೆ ಕಳಿಸುವ ಗಿಟ್ ಪುಶ್ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಈ ತಲೆನೋವು ನಿಮಗೂ ಗೊತ್ತಿರಬಹುದು. ನಾನು ದಾವಣಗೆರೆಯಿಂದಲೇ ಕೆಲಸ ಮಾಡುವವನು. ನಿಟುವಳ್ಳಿಯ ಮನೆಯಲ್ಲಿ ಫೈಬರ್, ತಮ್ಮನ ಹಾಸ್ಟೆಲ್‌ಗೆ ಹೋದರೆ ಅಲ್ಲಿಯ ವೈಫೈ, ಕರೆಂಟ್ ಹೋದರೆ ಮೊಬೈಲ್ ಹಾಟ್‌ಸ್ಪಾಟ್. ಮೂರು ಕಡೆಯೂ ಸರ್ವರ್ ಮುಟ್ಟುವ ಮೂರು ದಾರಿ ಹಿಡಿದು ನೋಡಿದ್ದೇನೆ: ಎಚ್‌ಟಿಟಿಪಿಎಸ್, ಮಾಮೂಲಿ ಎಸ್‌ಎಸ್‌ಎಚ್, 443ನೇ ಪೋರ್ಟ್ ಮೇಲೆ ಎಸ್‌ಎಸ್‌ಎಚ್. ಪೋರ್ಟ್ ಅಂದರೆ ಸರ್ವರ್‌ನ ನಂಬರ್ ಹಾಕಿದ ಬಾಗಿಲು ಅಂದುಕೊಳ್ಳಿ.

ದಾರಿ ಬದಲಿಸುವ ಮೊದಲು ಎರರ್ ಪೂರ್ತಿ ಓದಿ. ‘ಕುಡ್ ನಾಟ್ ರಿಸಾಲ್ವ್ ಹೋಸ್ಟ್’ ಅಂದರೆ ಡಿಎನ್‌ಎಸ್ ತೊಂದರೆ, ಸರ್ವರ್‌ನ ವಿಳಾಸವೇ ಸಿಕ್ಕಿಲ್ಲ. ‘ಕನೆಕ್ಷನ್ ಟೈಮ್ಡ್ ಔಟ್’ ಅಂದರೆ ಉತ್ತರವೇ ಬಂದಿಲ್ಲ, ಹೆಚ್ಚಾಗಿ ಮಧ್ಯೆ ಯಾವುದೋ ಫೈರ್‌ವಾಲ್ ನುಂಗಿರುತ್ತದೆ. ‘ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ’ ಬಂದರೆ ನೆಟ್‌ವರ್ಕ್ ಸರಿಯಾಗೇ ಇದೆ, ಸರ್ವರ್ ತನಕ ಮುಟ್ಟಿದ್ದೀರಿ, ನಿಮ್ಮ ಗುರುತು ಹೇಳುವ ಎಸ್‌ಎಸ್‌ಎಚ್ ಕೀ ಮಾತ್ರ ಹೊಂದಿಲ್ಲ. ಅದಕ್ಕೆ ರೂಟರ್ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಲ್ಲ.

ಎಚ್‌ಟಿಟಿಪಿಎಸ್ ಎಲ್ಲಾ ಕಡೆ ಹೋಗುತ್ತದೆ. ಬ್ರೌಸರ್ ಬಳಸುವ 443ನೇ ಪೋರ್ಟನ್ನೇ ಅದೂ ಬಳಸುತ್ತದೆ, ಅದನ್ನು ಮುಚ್ಚುವ ಧೈರ್ಯ ಯಾರಿಗೂ ಇಲ್ಲ. ಆದರೆ ಕೋಡ್ ಇಡುವ ತಾಣ ಗಿಟ್‌ಹಬ್ ಈ ದಾರಿಯಲ್ಲಿ 2021ರ ಆಗಸ್ಟ್ 13ರಿಂದ ಪಾಸ್‌ವರ್ಡ್ ಒಪ್ಪುವುದಿಲ್ಲ. ಅದರ ಬದಲು ಗಿಟ್‌ಹಬ್‌ನಲ್ಲೇ ಮಾಡಿಕೊಂಡ ಟೋಕನ್ ಬೇಕು, ಅದರ ಅವಧಿ ಮುಗಿದರೆ ಹೊಸದು ಬೇಕು, ಇಲ್ಲವೇ ಲಾಗಿನ್ ನೋಡಿಕೊಳ್ಳುವ ಕ್ರೆಡೆನ್ಶಿಯಲ್ ಮ್ಯಾನೇಜರ್ ಹಾಕಿಕೊಳ್ಳಬೇಕು. ‘ಆರ್‌ಪಿಸಿ ಫೇಲ್ಡ್’ ಎಂಬ ಎರರ್ ಬಂದ ಕೂಡಲೇ ಗಿಟ್‌ನ ಪೋಸ್ಟ್‌ಬಫರ್ ಸೆಟ್ಟಿಂಗ್ ಜಾಸ್ತಿ ಮಾಡು ಅನ್ನುವ ಸಲಹೆ ಎಲ್ಲಾ ಕಡೆ ಸಿಗುತ್ತದೆ, ಅದನ್ನು ನಂಬಬೇಡಿ. ಅದು ನಾವು ಕಳಿಸುವ ಡೇಟಾಗೆ ಸಂಬಂಧಪಟ್ಟದ್ದು, ಕ್ಲೋನ್, ಅಂದರೆ ಪ್ರಾಜೆಕ್ಟ್ ಇಳಿಸಿಕೊಳ್ಳುವುದು, ಅರ್ಧಕ್ಕೆ ನಿಂತರೆ ಅದರಿಂದ ಉಪಯೋಗವಿಲ್ಲ. ಪುಶ್‌ನ ಹೆಚ್ಚಿನ ತೊಂದರೆಗಳಿಗೂ ಅದು ಮದ್ದಲ್ಲ, ಮೆಮೊರಿ ತಿನ್ನುತ್ತದೆ ಅಷ್ಟೇ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ. ಇನ್ನೊಂದು, ಯಾವುದೋ ನೆಟ್‌ವರ್ಕ್‌ನಲ್ಲಿ ಸರ್ಟಿಫಿಕೇಟ್ ಎರರ್ ಬಂತು ಅಂತ ಎಸ್‌ಎಸ್‌ಎಲ್ ಪರಿಶೀಲನೆಯನ್ನೇ ಆಫ್ ಮಾಡುವುದು ದಯವಿಟ್ಟು ಬೇಡ, ಆ ನೆಟ್‌ವರ್ಕ್ ನೋಡಿಕೊಳ್ಳುವವರಿಂದ ಸರ್ಟಿಫಿಕೇಟ್ ಇಸ್ಕೊಂಡು ಗಿಟ್‌ಗೆ ತೋರಿಸಿ.

ಮಾಮೂಲಿ ಎಸ್‌ಎಸ್‌ಎಚ್, ಅಂದರೆ 22ನೇ ಪೋರ್ಟ್, ಮನೆಯಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ. ಒಮ್ಮೆ ಕೀ ಮಾಡಿ ಹಾಕಿದರೆ ಟೋಕನ್ ಗೋಳಿಲ್ಲ. ಹಾಸ್ಟೆಲ್‌ನಲ್ಲಿ ಮಾತ್ರ ಇದರ ಆಟ ನಡೆಯಲಿಲ್ಲ. ಎಸ್‌ಎಸ್‌ಎಚ್ ಕಮಾಂಡ್‌ಗೆ, ಏನು ನಡೀತಿದೆ ಎಂದು ಸಾಲುಸಾಲಾಗಿ ತೋರಿಸುವ ಹೈಫನ್ ವಿ ಸೇರಿಸಿ ಓಡಿಸಿದರೆ, ಕಾನ್ಫಿಗ್ ಓದಿದ ಸಾಲುಗಳು ಪಟಪಟ ಬಂದು, ‘ಕನೆಕ್ಟಿಂಗ್ ಟು ಗಿಟ್‌ಹಬ್’ ಸಾಲಿನ ಕೊನೆಗೆ ‘ಪೋರ್ಟ್ 22’ ಎಂದು ತೋರಿಸಿ ಅಲ್ಲೇ ನಿಂತಿತು. ಹಾಟ್‌ಸ್ಪಾಟ್‌ಗೆ ಬದಲಾಯಿಸಿದ ತಕ್ಷಣ ಅದೇ ಕಮಾಂಡ್ ನನ್ನ ಹೆಸರು ಹಿಡಿದು ‘ಹಾಯ್’ ಅಂದಿತು. ಲ್ಯಾಪ್‌ಟಾಪ್ ಅದೇ, ಕೀನೂ ಅದೇ. ತಡೆ ಇರುವುದು ವೈಫೈನಲ್ಲಿ ಎಂದು ಇದಕ್ಕಿಂತ ಸುಲಭವಾಗಿ ಗೊತ್ತಾಗಲ್ಲ, ಅಲ್ವಾ?

ಇಂಥ ಕಡೆ ಗೆಲ್ಲುವುದು ಮೂರನೆಯದು, 443ರ ಮೇಲೆ ಎಸ್‌ಎಸ್‌ಎಚ್. ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿ ಗಿಟ್‌ಹಬ್ ಡಾಟ್ ಕಾಮ್‌ನ ಹೋಸ್ಟ್‌ನೇಮ್ ‘ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್’ ಎಂದು ಬರೆಯಿರಿ, ಪೋರ್ಟ್ 443 ಕೊಡಿ, ಮುಗೀತು. ಪ್ರಾಜೆಕ್ಟ್‌ನ ರಿಮೋಟ್, ಅಂದರೆ ಸರ್ವರ್ ವಿಳಾಸ, ಎಸ್‌ಎಸ್‌ಎಚ್‌ನದೇ ಆಗಿದ್ದರೆ ಅದನ್ನು ಮುಟ್ಟಬೇಕಿಲ್ಲ. ಗಿಟ್‌ಹಬ್ ಥರದ್ದೇ ತಾಣವಾದ ಗಿಟ್‌ಲ್ಯಾಬ್‌ಗೂ ‘ಆಲ್ಟ್‌ಎಸ್‌ಎಸ್‌ಎಚ್’ ಅನ್ನುವ ಇಂಥದ್ದೇ ವಿಳಾಸ ಇದೆ. ಮೊದಲ ಸಲ ಸರ್ವರ್‌ನ ಕೀಯ ಫಿಂಗರ್‌ಪ್ರಿಂಟ್ ತೋರಿಸಿ ಕೇಳುತ್ತದೆ, ಅವರು ಪ್ರಕಟಿಸಿರುವುದರ ಜೊತೆ ತಾಳೆ ನೋಡಿಯೇ ‘ಎಸ್’ ಅನ್ನಿ. ಒಳಗೆ ಹೋಗುವುದು ಏನು ಅಂತ ಬಿಡಿಸಿ ನೋಡುವ ಪ್ರಾಕ್ಸಿ ಸರ್ವರ್ ಮಧ್ಯೆ ಇದ್ದರೆ ಇದೂ ನಡೆಯಲ್ಲ, ಆಗ ಎಚ್‌ಟಿಟಿಪಿಎಸ್ಸೇ ಗತಿ. ಅದನ್ನು ಬಿಟ್ಟರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಈಗ ಎಲ್ಲಾ ಕಡೆ ಇದೇ ಸೆಟ್ಟಿಂಗ್.

ದೊಡ್ಡ ರೆಪೊ, ಅಂದರೆ ಇತಿಹಾಸ ಸಮೇತ ಇಡೀ ಪ್ರಾಜೆಕ್ಟ್, ಕ್ಲೋನ್ ಮಾಡುವಾಗ ಮಾತ್ರ ಮೂರೂ ದಾರಿ ಒಂದೇ. ಚಿತ್ರದುರ್ಗದ ಬಸ್ಸಿನಲ್ಲಿ ಹಾಟ್‌ಸ್ಪಾಟ್ ಹಾಕಿಕೊಂಡು ಕೂತರೆ ಟವರ್ ಬದಲಾದಾಗ ಯಾವ ದಾರಿಯಾದರೂ ಕಡಿದು ಹೋಗುತ್ತದೆ, ಮತ್ತು ಕ್ಲೋನ್ ನಿಂತಲ್ಲಿಂದ ಮುಂದುವರಿಯಲ್ಲ, ಮೊದಲಿಂದ ಶುರು. ಡೆಪ್ತ್ 1 ಕೊಟ್ಟು ಬರೀ ಕೊನೆಯ ಕಮಿಟ್, ಅಂದರೆ ಕೊನೆಗೆ ಉಳಿಸಿದ ರೂಪ, ಇಳಿಸಿಕೊಳ್ಳಿ, ಹಳೆಯದನ್ನು ಆಮೇಲೆ ಡೀಪನ್ ಕೊಟ್ಟು ಸ್ವಲ್ಪ ಸ್ವಲ್ಪವೇ ತರಬಹುದು. ಅದೂ ಆಗದಿದ್ದರೆ ಒಳ್ಳೆ ನೆಟ್ ಇರುವ ಗೆಳೆಯನ ಹತ್ತಿರ ಗಿಟ್ ಬಂಡಲ್ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಇತಿಹಾಸವೆಲ್ಲ ಒಂದೇ ಫೈಲಿನಲ್ಲಿ ಬರುತ್ತದೆ, ಅದರಿಂದಲೇ ಕ್ಲೋನ್ ಮಾಡಿ, ಒರಿಜಿನ್ ವಿಳಾಸವನ್ನು ಸರ್ವರ್‌ನದಕ್ಕೆ ಬದಲಿಸಿ ಫೆಚ್ ಕೊಟ್ಟರೆ ಉಳಿದ ಚೂರುಪಾರು ಮಾತ್ರ ಇಳಿಯುತ್ತದೆ.