ಸೋಂಕು ನಿಯಂತ್ರಣದ ಆನ್‌ಲೈನ್ ಕೋರ್ಸ್: ಕೈ ಶುಚಿಯ ಪಾಠಕ್ಕಾಗಿಯೇ ಮಾಡಿ

ಮುಂಬೈಯ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡದ ಸಿಸ್ಟರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಐಸಿಯು ನರ್ಸ್. ನಮ್ಮಲ್ಲಿ ಈ ಕೋರ್ಸ್ ಎಲ್ಲರಿಗೂ ಕಡ್ಡಾಯ. ಮೊಬೈಲ್‌ನಲ್ಲೇ ಮುಗಿಸಬಹುದು. ನೈಟ್ ಡ್ಯೂಟಿ ಮುಗಿಸಿ ಡೊಂಬಿವಲಿ ಲೋಕಲ್ ಹತ್ತಿದಾಗ ಸೀಟು ಸಿಕ್ಕರೆ ಆರಾಮಾಗಿ ಒಂದು ಪಾಠ ಆಗುತ್ತದೆ. ನೆಟ್‌ವರ್ಕ್ ಹೋದರೂ ನಿಂತಲ್ಲಿಂದಲೇ ಮತ್ತೆ ಶುರುವಾಗುತ್ತದೆ.

ಕೈ ಶುಚಿಯ ಪಾಠ ಬಹಳ ಚೆನ್ನಾಗಿದೆ. ಕೈ ಶುಚಿ ಮಾಡಲೇಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳು ನಮಗೆಲ್ಲ ಬಾಯಿಪಾಠ. ಕೈಗೆ ಉಜ್ಜುವ ಆಲ್ಕೋಹಾಲ್ ದ್ರವ, ಅಂದರೆ ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60, ಅದೂ ಗೊತ್ತು. ಆದರೆ ಇಲ್ಲಿ ಒಬ್ಬ ಸಿಸ್ಟರ್ ಗ್ಲೌಸ್‌ಗೆ ಹೊಳೆಯುವ ಪುಡಿ ಹಚ್ಚಿಕೊಂಡು ಕೆಲಸ ಮಾಡುತ್ತಾರೆ. ಪೇಷೆಂಟ್‌ನ ಕಫ ಎಳೆದು ತೆಗೆಯುವ ಸಕ್ಷನ್ ಮಾಡುತ್ತಾರೆ. ಅದೇ ಗ್ಲೌಸ್‌ನಲ್ಲಿ ಮಾನಿಟರ್‌ನ ಅಲಾರಂ ಒತ್ತುತ್ತಾರೆ, ಬೆಡ್ ರೇಲಿಂಗ್ ಏರಿಸುತ್ತಾರೆ, ಜೇಬಿನಿಂದ ಪೆನ್ನು ತೆಗೆಯುತ್ತಾರೆ. ಆಮೇಲೆ ಲೈಟ್ ಆರಿಸಿ ನೇರಳೆ ದೀಪ ಹಚ್ಚಿದರೆ ಪೆನ್ನು, ಜೇಬಿನ ಅಂಚು ಎಲ್ಲ ಹೊಳೆಯುತ್ತದೆ! ಗ್ಲೌಸ್ ಇದೆಯಲ್ಲ, ಕೈ ಯಾಕೆ ತೊಳೆಯಬೇಕು ಅನ್ನುವವರಿಗೆ ಇದನ್ನು ತೋರಿಸಿದರೆ ಸಾಕು.

ಸುಮ್ನೆ ನಿಯಮ ಒಪ್ಪಿಸದೆ ಕಾರಣವನ್ನೂ ಹೇಳುತ್ತಾರೆ. ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿ ಇರುವ ಪೇಷೆಂಟ್‌ ಮುಟ್ಟಿದ ಮೇಲೆ ಹ್ಯಾಂಡ್‌ರಬ್ ಸಾಲದು. ಅದರ ಬೀಜಕಣ ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಸೋಪು ಹಾಕಿ ಉಜ್ಜಿ, ನೀರಿನಲ್ಲಿ ತೊಳೆದೇ ಕಳೆಯಬೇಕು.

ಕಸದ ಪಾಠ ಮಾತ್ರ ನಮಗೆ ಉಪಯೋಗವಿಲ್ಲ. ಹೊರದೇಶದ ಆಸ್ಪತ್ರೆಯ ವಿಡಿಯೊ, ಕಿತ್ತಳೆ ಬಣ್ಣದ ಚೀಲ ತೋರಿಸುತ್ತಾರೆ. ಆಸ್ಪತ್ರೆ ಕಸದ ಬಗ್ಗೆ ನಮ್ಮ ದೇಶದ 2016ರ ನಿಯಮದಲ್ಲಿ ರಕ್ತ ಹತ್ತಿದ ಗಾಜ್ ಬಟ್ಟೆ ಹಳದಿಗೆ, ಸೂಜಿ ತೆಗೆದ ಐವಿ ಸೆಟ್ ಕೆಂಪಿಗೆ, ಸೂಜಿ ಬಿಳಿ ಡಬ್ಬಕ್ಕೆ, ಗಾಜಿನ ವಯಲ್ ನೀಲಿಗೆ. ಹೊಸ ಹುಡುಗಿಯರು ಗೊಂದಲ ಮಾಡಿಕೊಂಡರೆ ಸೂಜಿ ಚುಚ್ಚುವುದು ಚೀಲ ಎತ್ತುವ ಮಾವಶಿಯ (ವಾರ್ಡಿನ ಆಯಾ) ಕೈಗೆ, ಅಲ್ವಾ? ಚುಚ್ಚಿದರೆ ಎಚ್‌ಐವಿ ತಡೆಯುವ ಮಾತ್ರೆ ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರುವಾಗಬೇಕು. ಕೋರ್ಸ್‌ನಲ್ಲಿ ಇದನ್ನು ಹೇಳಿದ್ದಾರೆ, ಆದರೆ ಇಂಗ್ಲಿಷಿನಲ್ಲಿ. ಮಾವಶಿಯರಿಗೆ ಲಾಗಿನ್ನೇ ಕೊಟ್ಟಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ನಮ್ಮ ವಾರ್ಡ್‌ನಲ್ಲಿ ಡ್ಯೂಟಿ ಹ್ಯಾಂಡೋವರ್ ಆದ ಮೇಲೆ ನಾವೇ ಮರಾಠಿಯಲ್ಲಿ ಹೇಳಿಕೊಡುತ್ತಿದ್ದೇವೆ.

ಕೊನೆಯ ಪರೀಕ್ಷೆ ಸುಲಭ. ಐಸಿಯುಗೆ ಹೊಸದಾಗಿ ಬರುವವರು ಖಂಡಿತ ಮಾಡಿ. ಚೀಲದ ಬಣ್ಣಕ್ಕೆ ಮಾತ್ರ ನಿಮ್ಮ ವಾರ್ಡಿನ ಗೋಡೆಯ ಚಾರ್ಟ್ ನೋಡಿಕೊಳ್ಳಿ.