ಪ್ರೀಮಿಯಂ ಪೆಟ್ರೋಲ್: ಹೆಚ್ಚಿಗೆ ಕೊಟ್ಟ ದುಡ್ಡಿಗೆ ಸಿಗುವುದೇನು?

ಒಂದೇ ಊರಿನಲ್ಲಿ ಇಂಡಿಯನ್ ಆಯಿಲ್, ಎಚ್‌ಪಿ, ಭಾರತ್ ಪೆಟ್ರೋಲಿಯಂ ಬಂಕ್‌ಗಳ ಸಾದಾ ಪೆಟ್ರೋಲ್ ದರದಲ್ಲಿ ವ್ಯತ್ಯಾಸವಿದ್ದರೆ ಅದು ಪೈಸೆಗಳಲ್ಲಿ. ದಿನವೂ ದರ ಬದಲಿಸುವ ಪದ್ಧತಿ 2017ರ ಜೂನ್ 16ರಿಂದ ದೇಶವಿಡೀ ಇದ್ದರೂ ಪೈಪೋಟಿ ಕಾಣುವುದು ಎಕ್ಸ್‌ಪಿ 95, ಪವರ್ 95, ಸ್ಪೀಡ್ ಎಂಬ ಪ್ರೀಮಿಯಂ ಹೆಸರುಗಳಲ್ಲಿ ಮಾತ್ರ.

ಹೆಸರು ಬೇರೆಯಾದರೂ ಮೂಲ ಸರಕು ಹೆಚ್ಚಾಗಿ ಒಂದೇ. ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯ ಪೆಟ್ರೋಲ್ ಬೇರೆ ಬೇರೆ ಕಂಪನಿಗಳ ಬಂಕ್ ಸೇರುತ್ತದೆ. ಕಂಪನಿಯ ಗುರುತು ಬೀಳುವುದು ಎಂಜಿನ್ ಶುಚಿಯಾಗಿಡುವ ಅಡಿಟಿವ್ ಎಂಬ ರಾಸಾಯನಿಕ ಬೆರೆತಾಗ.

ಇನ್ನು ಆಕ್ಟೇನ್. ಅದು ಶಕ್ತಿಯ ಅಳತೆಯಲ್ಲ. ಒತ್ತಡದಲ್ಲಿ ಪೆಟ್ರೋಲ್ ಕಿಡಿಗೆ ಮೊದಲೇ ಹೊತ್ತಿಕೊಳ್ಳದೆ ತಡೆಯುವ ಗುಣ. ಸಾದಾ ಪೆಟ್ರೋಲ್ 91 ಇದ್ದಾಗ 95ಕ್ಕೆ ಅರ್ಥವಿತ್ತು. ಆದರೆ ಈಗಿನ ಸಾದಾ ಪೆಟ್ರೋಲ್ ಆಗಿರುವ ಇ20ರ (ಶೇ 20 ಎಥನಾಲ್ ಬೆರೆತದ್ದು) ಆಕ್ಟೇನೇ 95 ಎಂದು 2025ರಲ್ಲಿ ಪೆಟ್ರೋಲಿಯಂ ಸಚಿವಾಲಯ ಹೇಳಿದೆ. ಹಾಗಾದರೆ 95ರ ಬೋರ್ಡಿಗೆ ಉಳಿದದ್ದು ಅಡಿಟಿವ್ ಒಂದೇ. ಡೈರೆಕ್ಟ್ ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವ್ ಮೇಲಿನ ಕಾರ್ಬನ್ನಿಗೆ ಆ ಅಡಿಟಿವ್ ತಾಗುವುದೇ ಇಲ್ಲ! ಪೆಟ್ರೋಲ್ ವಾಲ್ವ್‌ಗೆ ಮೊದಲೇ ಚಿಮ್ಮುವ ಪೋರ್ಟ್ ಇಂಜೆಕ್ಷನ್ ಇದ್ದರೆ ಆಗಾಗ ಒಂದು ಟ್ಯಾಂಕ್ ಹಾಕಿಸಬಹುದು.

ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಎಷ್ಟು ಪಟ್ಟು ಅದುಮಲ್ಪಡುತ್ತದೆ ಎಂಬ ಅಳತೆ) 9.5:1 ಇರುವ ಬುಲೆಟ್ 350ಗೆ ಸಾದಾ ಪೆಟ್ರೋಲೇ ಸಾಕು. 12:1 ದಾಟಿದ ಬೈಕ್, ಟರ್ಬೊ ಕಾರುಗಳ ಮಾತು ಬೇರೆ: ಏರಿನಲ್ಲಿ ಎಂಜಿನ್ ಟಕಟಕ ಬಡಿದರೆ ಆ ಬಡಿತ ಗುರುತಿಸುವ ನಾಕ್ ಸೆನ್ಸರ್‌ನಿಂದಾಗಿ ಕಿಡಿಯ ಟೈಮಿಂಗ್ ತಡವಾಗುತ್ತದೆ, ಪಿಕಪ್ ಕುಸಿಯುತ್ತದೆ. ಆಗ ಹೆಚ್ಚಿನ ಆಕ್ಟೇನ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಇಂಧನ ಮುಚ್ಚಳದ ಒಳಬದಿಯಲ್ಲೋ ಮ್ಯಾನ್ಯುಯಲ್‌ನಲ್ಲೋ ಬರೆದ ಸಂಖ್ಯೆಗಿಂತ ಮೇಲೇರಬೇಕಿಲ್ಲ.

ಎಕ್ಸ್‌ಪಿ 100 ಎಂಬ ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ನಿಜಕ್ಕೂ ಬೇರೆ ಸರಕು. 2020ರಲ್ಲಿ ಬಂದ ಇದನ್ನು ಮಥುರಾ ರಿಫೈನರಿಯಲ್ಲಿ ಆಕ್ಟಾಮ್ಯಾಕ್ಸ್ ತಂತ್ರಜ್ಞಾನದಿಂದ ತಯಾರಿಸುತ್ತಾರೆ. ಎಲ್ಲ ಬಂಕ್‌ಗಳಲ್ಲಿ ಸಿಗುವುದಿಲ್ಲ, ದರವೂ ಜಾಸ್ತಿ. ಸೂಪರ್‌ಬೈಕ್ ಇಲ್ಲದವರಿಗೆ ಇದು ಶುದ್ಧ ದುಂದು.

ಪ್ರೀಮಿಯಂ ಹಾಕಿಸುವುದೇ ಆದರೆ ಅದು ಚೆನ್ನಾಗಿ ಖರ್ಚಾಗುವ ಬಂಕ್ ಹುಡುಕಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಹಳಸುತ್ತದೆ, ಎಥನಾಲ್ ಇದ್ದರೆ ನೀರನ್ನೂ ಹೀರುತ್ತದೆ. ಅನುಮಾನ ಬಂದರೆ ಡೆನ್ಸಿಟಿ ತೋರಿಸಲು ಕೇಳಿ. 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದಾಗ ಅದು ಟ್ಯಾಂಕರ್ ಜೊತೆ ಬಂದ ಚಲನ್ನಿನ ಅಂಕಿಯಿಂದ 3ಕ್ಕಿಂತ (ಘನ ಮೀಟರಿಗೆ ಕೆಜಿ ಲೆಕ್ಕದಲ್ಲಿ) ಹೆಚ್ಚು ಆಚೀಚೆ ಆಗಕೂಡದು. ಅಳತೆಯಲ್ಲಿ ಗುಮಾನಿ ಇದ್ದರೆ ಮುದ್ರೆಯೊತ್ತಿದ 5 ಲೀಟರ್ ಕ್ಯಾನಿಗೆ ತುಂಬಿಸಲು ಹೇಳಿ. 25 ಎಂಎಲ್‌ಗಿಂತ ಜಾಸ್ತಿ ಕೊರತೆ ಬಂದರೆ ಆ ನೋಜಲ್ ನಿಲ್ಲಿಸಲೇಬೇಕು.