ಗುಂಡು ನಾಬೋ, ಉದ್ದ ಹ್ಯಾಂಡಲೋ, ಬರೀ ಚಿಲಕ ಸಾಕೋ?

ಒಳಕೋಣೆಯ ಬಾಗಿಲಿಗೆ ಯಾವುದು ಹಾಕಿಸೋದು ಅಂತ ಕೇಳಿದ್ದೀರಿ. ಮೊದಲು ಹಳೆಯದನ್ನು ಬಿಚ್ಚಿ ತೂತು ನೋಡಿ. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಗುಂಡು ನಾಬ್‌ಗೆ ಸಾಮಾನ್ಯವಾಗಿ 54 ಮಿ.ಮೀ. ಅಗಲದ ತೂತು ಇರುತ್ತದೆ. ಬಾಗಿಲಿನ ಅಂಚಿನಿಂದ ತೂತಿನ ನಡುಮಧ್ಯಕ್ಕೆ ಅಳೆಯಿರಿ. ಹೆಚ್ಚಾಗಿ 60 ಅಥವಾ 70 ಮಿ.ಮೀ. ಬರುತ್ತದೆ. ಹೊಸದೂ ಅದೇ ಅಳತೆಯದಾದರೆ ಸ್ಕ್ರೂಡ್ರೈವರ್ ಒಂದೇ ಸಾಕು. ಉದ್ದ ಹ್ಯಾಂಡಲಿನ ಮಾರ್ಟೈಸ್ ಲಾಕ್, ಅಂದರೆ ಬಾಗಿಲಿನ ದಪ್ಪದೊಳಗೇ ಹುದುಗಿ ಕೂರುವ ಬೀಗ, ಹಾಗಲ್ಲ. ಅಂಚಿನಲ್ಲಿ ಉಳಿ ಹಾಕಿ ಆಳವಾಗಿ ಕೊರೆಯಬೇಕು. ಬಡಗಿಯನ್ನು ಕರೆಸುವುದೇ ವಾಸಿ. ಒಳಗೆ ಟೊಳ್ಳಿರುವ ತೆಳು ಬಾಗಿಲಿಗಂತೂ ಸುಮ್ನೆ ಆ ಸಾಹಸ ಬೇಡ.

ಖರ್ಚಿನಲ್ಲಿ ಚಿಲಕವೇ ಅಗ್ಗ, ಮಾರ್ಟೈಸ್‌ಗೆ ಕೂಲಿಯೂ ಸೇರಿ ಜಾಸ್ತಿ.

ಕೈಗೆ ಸುಲಭ ಯಾವುದು ಅಂದರೆ ಉದ್ದ ಹ್ಯಾಂಡಲ್. ಎರಡೂ ಕೈಯಲ್ಲಿ ಸಾಮಾನಿದ್ದರೂ ಮೊಣಕೈಯಲ್ಲಿ ಒತ್ತಿದರೆ ತೆರೆಯುತ್ತದೆ. ಬೆರಳು ನೋವಿನ ಹಿರಿಯರಿದ್ದರೆ ನಾನು ಇದನ್ನೇ ಹಾಕಿಸುವೆ. ಒದ್ದೆ ಕೈಗೆ ಗುಂಡು ನಾಬ್ ಜಾರುತ್ತದೆ. ಆದರೆ ಪುಟ್ಟ ಮಕ್ಕಳಿಗೆ ತಿರುಗಿಸಲು ಬರುವುದಿಲ್ಲ, ಕೆಲವು ಮನೆಗಳಿಗೆ ಅದೇ ಬೇಕು ಅಲ್ವಾ?

ಬಾಳಿಕೆಗೆ ಬಂದರೆ, ಚಿಲಕದಲ್ಲಿ ಕೆಡುವಂಥದ್ದೇ ಇಲ್ಲ. ಬಾಗಿಲು ಜೋತರೆ ಮಾತ್ರ ಸರಳು ತೂತಿಗೆ ಕೂರುವುದಿಲ್ಲ. ಆಗ ಕೀಲು ಬಿಗಿ ಮಾಡಿ, ಚಿಲಕವನ್ನು ಬೈಯಬೇಡಿ. ಉದ್ದ ಹ್ಯಾಂಡಲಿನಲ್ಲಿ ಸ್ಪ್ರಿಂಗ್ ಸೋತು ಹಿಡಿ ಕೆಳಗೆ ಬಾಗುವುದುಂಟು.

ಬಚ್ಚಲಮನೆಗೆ ಬರೀ ಚಿಲಕ ಬೇಡ. ಒಳಗೆ ಯಾರಾದರೂ ಸಿಕ್ಕಿಕೊಂಡರೆ ಹೊರಗಿನಿಂದ ತೆಗೆಯಲು ದಾರಿಯಿಲ್ಲ. ಹೊರಬದಿಯಲ್ಲಿ ನಾಣ್ಯ ತೂರಿಸಿ ತಿರುಗಿಸುವ ಸೀಳಿರುವ ನಾಬ್ ಅಥವಾ ಹ್ಯಾಂಡಲ್ ಕೇಳಿ.